ಸಾರ್ಕಾಯ್ಡೋಸಿಸ್: ಅಂಗಕ್ಕೊಂದು ಪುಟ ಇಟ್ಟುಕೊಂಡೆ

ಸಾರ್ಕಾಯ್ಡೋಸಿಸ್ ಎಂದು ಖಚಿತವಾದ ಮೇಲೆ ಒಂದು ನೋಟ್‌ಬುಕ್ ತೆಗೆದುಕೊಂಡು ಅಂಗಕ್ಕೊಂದು ಪುಟ ಬಿಟ್ಟೆ. ಶ್ವಾಸಕೋಶ, ಕಣ್ಣು, ಚರ್ಮ, ಹೃದಯ, ನರ, ಲಿವರ್, ಕಿಡ್ನಿ. ಪ್ರತಿ ಪುಟದ ಮೇಲೂ ಎರಡೇ ಪ್ರಶ್ನೆ. ಕಾಯಿಲೆ ಇಲ್ಲಿದೆಯಾ? ಇದ್ದರೆ, ಈ ಅಂಗದ ಕೆಲಸವನ್ನು ಕೆಡಿಸುತ್ತಿದೆಯಾ? ಎರಡೂ ಒಂದೇ ಅನ್ನಿಸಬಹುದು, ಆದರೆ ಔಷಧ ಬೇಕೋ ಬೇಡವೋ ಎಂಬುದು ಹೆಚ್ಚಾಗಿ ನಿಂತಿರುವುದು ಎರಡನೆಯದರ ಮೇಲೆ.

ಒಳಗೆ ನಡೆಯುವುದು ಇಷ್ಟು. ರೋಗನಿರೋಧಕ ಕಣಗಳು ಒಂದೆಡೆ ಗುಂಪುಗೂಡಿ ಕಣ್ಣಿಗೆ ಕಾಣದಷ್ಟು ಚಿಕ್ಕ ಗಂಟುಗಳಾಗುತ್ತವೆ. ಇವೇ ಗ್ರ್ಯಾನುಲೋಮಗಳು. ಸೋಂಕನ್ನು ಸುತ್ತುವರಿದು ಕಟ್ಟಿಹಾಕಲು ದೇಹ ಬಳಸುವ ದಾರಿಯೇ ಇದು. ಇಲ್ಲಿ ಕಟ್ಟಿಹಾಕುವಂಥ ಸೋಂಕು ಸಿಗುವುದಿಲ್ಲ, ಗಂಟು ಮಾತ್ರ ಇರುತ್ತದೆ. ಮೂಲ ಕಾರಣ ಇವತ್ತಿಗೂ ಖಚಿತವಾಗಿಲ್ಲ. ಇದು ಕ್ಯಾನ್ಸರ್ ಅಲ್ಲ, ಒಬ್ಬರಿಂದ ಒಬ್ಬರಿಗೆ ಹರಡುವುದೂ ಇಲ್ಲ. ಮನೆಯವರಿಗೆ ನಾನು ಮೊದಲು ಹೇಳಿದ್ದು ಈ ಎರಡು ಮಾತು.

ಹೆಸರು ಖಚಿತವಾಗುವುದಕ್ಕೆ ಸಮಯ ಹಿಡಿಯಿತು, ಹಿಡಿಯಬೇಕಾದದ್ದೇ. ಎದೆಯ ಎಕ್ಸ್‌ರೇಯಲ್ಲಿ ಎದೆಯೊಳಗಿನ ದುಗ್ಧಗ್ರಂಥಿಗಳು (ಲಿಂಫ್ ನೋಡ್) ಊದಿದ್ದವು. ಟಿ.ಬಿ.ಯಲ್ಲೂ, ಕೆಲವು ಕ್ಯಾನ್ಸರ್‌ಗಳಲ್ಲೂ ಹೀಗೇ ಕಾಣಬಹುದು. ಗಂಟಲ ಮೂಲಕ ಸಣ್ಣ ಕೊಳವೆ ಇಳಿಸಿ, ಅಲ್ಟ್ರಾಸೌಂಡ್ ನೋಡುತ್ತಾ ಸೂಜಿಯಿಂದ ಗ್ರಂಥಿಯ ಚೂರು ತೆಗೆದರು. ಟಿ.ಬಿ.ಯ ಗ್ರ್ಯಾನುಲೋಮದ ನಡುಭಾಗ ಸಾಮಾನ್ಯವಾಗಿ ಸತ್ತು ಕೊಳೆತಂತಿರುತ್ತದೆ, ಸಾರ್ಕಾಯ್ಡ್‌ನಲ್ಲಿ ಹಾಗಿರುವುದು ಅಪರೂಪ. ಅಷ್ಟೇ ಸಾಲದು ಎಂದು ಆ ಚೂರಿನಲ್ಲಿ ಟಿ.ಬಿ. ರೋಗಾಣುವನ್ನೂ ಹುಡುಕಿದರು. ಸಾರ್ಕಾಯ್ಡ್‌ಗೆ ಔಷಧ ಬೇಕಾದಾಗ ಸಾಮಾನ್ಯವಾಗಿ ಮೊದಲು ಕೊಡುವುದು ಉರಿಯೂತ ಇಳಿಸುವ ಸ್ಟೀರಾಯ್ಡ್; ಟಿ.ಬಿ. ಇರುವವರಿಗೆ ಟಿ.ಬಿ. ಔಷಧವಿಲ್ಲದೆ ಬರೀ ಸ್ಟೀರಾಯ್ಡ್ ಕೊಟ್ಟರೆ ಟಿ.ಬಿ. ಉಲ್ಬಣಿಸಬಹುದು. ಹಾಗಾಗಿ ಆ ರಿಪೋರ್ಟ್‌ಗೆ ಕಾದದ್ದು ನನಗೆ ಬೇಸರ ತರಲಿಲ್ಲ. ಎ.ಸಿ.ಇ. ಎಂಬ ರಕ್ತಪರೀಕ್ಷೆಯೂ ಆಯಿತು. ಬೇರೆ ಕಾಯಿಲೆಗಳಲ್ಲೂ ಅದು ಏರುತ್ತದೆ, ಸಾರ್ಕಾಯ್ಡ್ ಇದ್ದವರಲ್ಲೂ ಸರಿಯಾಗೇ ಇರಬಹುದು. ಅದೊಂದನ್ನೇ ನೋಡಿ ಏನನ್ನೂ ತೀರ್ಮಾನಿಸುವಂತಿಲ್ಲ.

ಶ್ವಾಸಕೋಶದ ಪುಟ ಬೇಗ ತುಂಬಿತು. ಈ ಕಾಯಿಲೆ ಇರುವ ನೂರರಲ್ಲಿ ಸುಮಾರು 90 ಜನರಿಗೆ ಶ್ವಾಸಕೋಶ ಅಥವಾ ಎದೆಯ ಗ್ರಂಥಿಗಳಲ್ಲಿ ಅದು ಇದ್ದೇ ಇರುತ್ತದೆ. ಎಕ್ಸ್‌ರೇ ನೋಡಿ ಹಂತ ಹೇಳುತ್ತಾರೆ. 1961ರಲ್ಲಿ ಸ್ಕ್ಯಾಡಿಂಗ್ ಎಂಬ ವೈದ್ಯರು ಕೊಟ್ಟ ಕ್ರಮ ಇದು. 1 ಎಂದರೆ ಗ್ರಂಥಿ ಮಾತ್ರ, 2 ಎಂದರೆ ಗ್ರಂಥಿ ಮತ್ತು ಶ್ವಾಸಕೋಶ ಎರಡೂ, 3 ಎಂದರೆ ಶ್ವಾಸಕೋಶ ಮಾತ್ರ, 4 ಎಂದರೆ ಶ್ವಾಸಕೋಶದಲ್ಲಿ ಕಲೆಗಟ್ಟಿದೆ ಎಂದು. ಕ್ಯಾನ್ಸರ್‌ನ ಹಂತಗಳ ಹಾಗೆ ಇದನ್ನು ಓದಬಾರದು. ಎಲ್ಲರೂ 1ರಿಂದ 4ರವರೆಗೆ ಹತ್ತಿಕೊಂಡು ಹೋಗುವುದಿಲ್ಲ. ನನ್ನದು 2. ಉಸಿರಿನ ಪರೀಕ್ಷೆ ಮಾತ್ರ ಚೆನ್ನಾಗಿತ್ತು, ಆದ್ದರಿಂದ ಡಾಕ್ಟರ್ ಔಷಧ ಶುರು ಮಾಡದೆ ಕಾದು ನೋಡೋಣ ಎಂದರು. ಕಾಯಿಲೆ ಇಟ್ಟುಕೊಂಡು ಸುಮ್ನೆ ಕೂರುವುದು ಹೇಗೆ ಎಂದು ಮನೆಯಲ್ಲಿ ಎಲ್ಲರಿಗೂ ಆತಂಕ. ಆದರೆ ಬಹಳಷ್ಟು ಜನರಲ್ಲಿ ಇದು ಎರಡು ಮೂರು ವರ್ಷದೊಳಗೆ ತಾನಾಗೇ ಇಳಿಯುತ್ತದೆ. ಅಂಥವರಿಗೆ ಸ್ಟೀರಾಯ್ಡ್ ಕೊಟ್ಟರೆ ಲಾಭಕ್ಕಿಂತ ತೊಂದರೆಯೇ ಜಾಸ್ತಿ.

ಕಣ್ಣು ಮತ್ತು ಹೃದಯದ ಪುಟಗಳನ್ನು, ಯಾವ ತೊಂದರೆ ಇಲ್ಲದಿದ್ದರೂ, ಮೊದಲ ದಿನಗಳಲ್ಲೇ ತುಂಬಿಸಿಕೊಳ್ಳಿ. ಕಣ್ಣಿನೊಳಗಿನ ಉರಿಯೂತ ಕೆಲವರಲ್ಲಿ ಕೆಂಪು, ನೋವು, ಮಂಜು ಏನೂ ಇಲ್ಲದೆ ನಡೆಯುತ್ತಿರುತ್ತದೆ. ಕಣ್ಣಿನ ಡಾಕ್ಟರ್ ಸ್ಲಿಟ್ ಲ್ಯಾಂಪ್ ಎಂಬ, ಕಣ್ಣನ್ನು ದೊಡ್ಡದಾಗಿ ತೋರಿಸುವ ಉಪಕರಣದಲ್ಲಿ ನೋಡಿದರೆ ಸಿಗುತ್ತದೆ. ನನಗೆ ಸಿಕ್ಕಿತು, ಹನಿ ಔಷಧದಲ್ಲೇ ಹತೋಟಿಗೆ ಬಂತು. ಹೃದಯಕ್ಕೆ ಇ.ಸಿ.ಜಿ. ಮಾಡಿದರು. ಗಂಟುಗಳು ಹೃದಯದ ವಿದ್ಯುತ್ ದಾರಿಯಲ್ಲಿ ಕೂತರೆ ಬಡಿತ ತಪ್ಪುತ್ತದೆ. ಎದೆ ಡವಗುಟ್ಟುವುದು, ತಲೆಸುತ್ತಿ ಬೀಳುವುದು ಈ ಕಾಯಿಲೆಯವರಿಗೆ ಅದೇ ದಿನ ಆಸ್ಪತ್ರೆಗೆ ಹೋಗಬೇಕಾದ ಸಂಗತಿ.

ನಾನು ಅತಿ ಹೆಚ್ಚು ಹೊತ್ತು ಕೂತು ಓದಿದ್ದು ಕಿಡ್ನಿಯ ಪುಟಕ್ಕಾಗಿ. ರಕ್ತಪರೀಕ್ಷೆಯಲ್ಲಿ ವಿಟಮಿನ್ ಡಿ ಕಮ್ಮಿ ಎಂದು ಬಂದಿತ್ತು. ಕಮ್ಮಿ ಎಂದರೆ ಮಾತ್ರೆ ನುಂಗುವುದು ಎಲ್ಲರ ರೂಢಿ, ಅಲ್ವಾ? ಇಲ್ಲಿ ಹಾಗೆ ಮಾಡುವಂತಿಲ್ಲ. ಮಾಮೂಲಿ ಪರೀಕ್ಷೆ ಅಳೆಯುವುದು ದೇಹದಲ್ಲಿ ಕೂಡಿಟ್ಟಿರುವ ಡಿ. ಅದನ್ನು ಕೆಲಸಕ್ಕೆ ಬರುವ ಡಿ ಆಗಿ ಬದಲಿಸುವುದು ಮುಖ್ಯವಾಗಿ ಕಿಡ್ನಿ, ಅದೂ ಬೇಕಾದಷ್ಟೇ. ಗ್ರ್ಯಾನುಲೋಮದ ಕಣಗಳೂ ಇದೇ ಕೆಲಸ ಮಾಡಬಲ್ಲವು, ಆದರೆ ಅವಕ್ಕೆ ಕಿಡ್ನಿಗಿರುವ ಕಡಿವಾಣ ಇಲ್ಲ. ಹಾಗಾಗಿ ಕೂಡಿಟ್ಟದ್ದು ಕಮ್ಮಿ ಇದ್ದರೂ ಕೆಲಸದ ಡಿ ಜಾಸ್ತಿ ಇರಬಹುದು. ಆಗ ಕರುಳು ಕ್ಯಾಲ್ಸಿಯಂ ಹೆಚ್ಚು ಹೀರಿಕೊಳ್ಳುತ್ತದೆ, ರಕ್ತದಲ್ಲೂ ಮೂತ್ರದಲ್ಲೂ ಅದು ಏರುತ್ತದೆ. ವಿಪರೀತ ಬಾಯಾರಿಕೆ, ಮಲಬದ್ಧತೆ, ಕಿಡ್ನಿಯಲ್ಲಿ ಕಲ್ಲು, ಕೊನೆಗೆ ಕಿಡ್ನಿಗೇ ಪೆಟ್ಟು. ಡಾಕ್ಟರ್ ಎರಡೂ ಬಗೆಯ ಡಿ ಮತ್ತು ಕ್ಯಾಲ್ಸಿಯಂ ಅಳೆಸಿ, ಮಾತ್ರೆ ಬೇಡ ಎಂದರು. ಬೇರೆ ತೊಂದರೆಗೆ ಬೇರೆ ಡಾಕ್ಟರ ಬಳಿ ಹೋದಾಗಲೂ ಇದನ್ನು ನಾನೇ ಮೊದಲು ಹೇಳುತ್ತೇನೆ.

ಮುಂದೆ ಉಸಿರಿನ ಪರೀಕ್ಷೆಯ ಅಂಕಿಗಳು ಇಳಿಯತೊಡಗಿದವು, ಮೆಟ್ಟಿಲು ಹತ್ತಿದರೆ ಏದುಸಿರು. ಎರಡನೆಯ ಪ್ರಶ್ನೆಗೆ ಈಗ ‘ಹೌದು’ ಎಂದು ಬರೆಯಬೇಕಾಯಿತು. ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಮಾತ್ರೆ ಶುರುವಾಯಿತು. ಬೆಳಗ್ಗೆ ತಿಂಡಿಯ ಜೊತೆ ನುಂಗುತ್ತಿದ್ದೆ, ತಡವಾಗಿ ತೆಗೆದುಕೊಂಡರೆ ರಾತ್ರಿ ನಿದ್ದೆ ಬರುವುದಿಲ್ಲ. ಸಕ್ಕರೆ, ಬಿ.ಪಿ., ತೂಕ ಬರೆದಿಡಲು ಇನ್ನೊಂದು ಪುಟ ಸೇರಿತು. ಸ್ಟೀರಾಯ್ಡ್ ಮೂಳೆಯನ್ನು ಸವೆಸುತ್ತದೆ. ಬೇರೆಯವರಿಗೆ ಅದಕ್ಕೆ ಕ್ಯಾಲ್ಸಿಯಂ, ಡಿ ಮಾತ್ರೆ ಕೊಡುತ್ತಾರೆ, ನಮಗೆ ಅದನ್ನೂ ಅಳೆದು ನೋಡಿಯೇ ಕೊಡಬೇಕು. ಸ್ಟೀರಾಯ್ಡ್ ಡೋಸ್ ಇಳಿಸಲು ಅನುಕೂಲವಾಗಲೆಂದು ಆಮೇಲೆ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಮೆಥೊಟ್ರೆಕ್ಸೇಟ್ ಎಂಬ ಔಷಧ ಸೇರಿಸಿದರು. ಇದು ವಾರಕ್ಕೊಮ್ಮೆ ಮಾತ್ರ, ದಿನಾ ನುಂಗಿದರೆ ಜೀವಕ್ಕೇ ಅಪಾಯ. ಡಬ್ಬಿಯ ಮೇಲೆ ವಾರದ ಹೆಸರನ್ನು ದೊಡ್ಡದಾಗಿ ಬರೆದಿಟ್ಟಿದ್ದೇನೆ. ಲಿವರ್ ಮತ್ತು ರಕ್ತಕಣಗಳ ಪರೀಕ್ಷೆ ಆಗಾಗ ನಡೆಯುತ್ತದೆ.

ಯಾವ ಪುಟಕ್ಕೂ ಸೇರದ್ದು ಸುಸ್ತು. ಎಕ್ಸ್‌ರೇ ತಿಳಿಯಾದರೂ ಅದು ಉಳಿಯಿತು. ಇದನ್ನು ಸೋಮಾರಿತನ ಎಂದುಕೊಳ್ಳುವವರ ಮೇಲೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ, ಏಕೆಂದರೆ ಈ ಕಾಯಿಲೆಯಲ್ಲಿ ಇದು ತುಂಬಾ ಮಂದಿಗೆ ಬರುವ ತೊಂದರೆ. ಥೈರಾಯ್ಡ್, ರಕ್ತಹೀನತೆ, ನಿದ್ದೆಯ ಸಮಸ್ಯೆ ಇಲ್ಲವೆಂದು ನೋಡಿಸಿಕೊಂಡು, ದಿನಾ ಸ್ವಲ್ಪ ಸ್ವಲ್ಪವೇ ನಡಿಗೆ ಹೆಚ್ಚಿಸಿದೆ. ನಿಧಾನಕ್ಕೆ ಕೆಲಸ ಮಾಡಿತು.

ಈಗ ಸ್ಟೀರಾಯ್ಡ್ ಡೋಸ್ ಸಣ್ಣ ಪ್ರಮಾಣಕ್ಕೆ ಬಂದಿದೆ. ತಿಂಗಳುಗಟ್ಟಲೆ ಹೊರಗಿನಿಂದ ಸ್ಟೀರಾಯ್ಡ್ ಸಿಕ್ಕಾಗ ದೇಹ ತನ್ನದನ್ನು ತಯಾರಿಸುವುದನ್ನು ಕಡಿಮೆ ಮಾಡಿರುತ್ತದೆ, ಆದ್ದರಿಂದ ಥಟ್ಟನೆ ನಿಲ್ಲಿಸುವಂತಿಲ್ಲ. ಡೋಸ್ ಇಳಿಸುವಾಗಲೂ ನಿಲ್ಲಿಸಿದ ಮೇಲೂ ಕಾಯಿಲೆ ಮರಳುವುದುಂಟು. ಮುಂದಿನ ಉಸಿರಿನ ಪರೀಕ್ಷೆಯ ಅಂಕಿ ನೋಡಿಕೊಂಡು ಮತ್ತೆ ಇಳಿಸಬೇಕೋ ಬೇಡವೋ ಎಂದು ಡಾಕ್ಟರ್ ಹೇಳುತ್ತಾರೆ.