ಬೆಣ್ಣೆ ದೋಸೆ ಹೋಟೆಲಲ್ಲಿ ಆರ್ಡರ್ ಹೇಳುವಾಗ

ದಾವಣಗೆರೆಯಲ್ಲಿ ಬೆಣ್ಣೆ ದೋಸೆ ತಿನ್ನಲು ನಾಲ್ಕೈದು ಜನ ಹೋದರೆ, ಮೊದಲು ನಿಮ್ಮೊಳಗೇ ಲೆಕ್ಕ ಹಾಕಿಕೊಂಡು ಆಮೇಲೆ ಸಪ್ಲೈಯರನ್ನು ಕರೆಯಿರಿ. ‘ಅಣ್ಣಾ, ಮೂರು ಬೆಣ್ಣೆ, ಒಂದು ಓಪನ್, ಒಂದು ಖಾಲಿ’ ಅಂತ ಒಬ್ಬರೇ ಒಂದೇ ಸಲ ಹೇಳಿ (ಓಪನ್ ಅಂದರೆ ಮಡಚದೆ ಮೇಲೆ ಪಲ್ಯ ಇಟ್ಟ ದೋಸೆ, ಖಾಲಿ ಅಂದರೆ ಮೆತ್ತಗಿನ ಸಾದಾ ದೋಸೆ). ಹಂಚಿನ ಮೇಲೆ ಹಲವು ದೋಸೆ ಒಟ್ಟಿಗೇ ಹುಯ್ಯುತ್ತಾರೆ; ಆ ಒಬ್ಬೆ ತಪ್ಪಿದರೆ ಮುಂದಿನದಕ್ಕೆ ಕಾಯಲೇಬೇಕು. ಹಾಗಾಗಿ ಇನ್ನೊಂದು ಬೇಕೆನಿಸಿದರೆ ಮೊದಲನೆಯದು ಅರ್ಧ ಇರುವಾಗಲೇ ಹೇಳಿಬಿಡಿ.

ಬೆಣ್ಣೆ ಕಡಿಮೆ, ಮೆತ್ತಗಿರಲಿ, ಇಂಥದ್ದೆಲ್ಲ ಆರ್ಡರ್ ಜೊತೆಗೇ ಹೇಳಬೇಕು. ದೋಸೆ ಬೇಯುವಾಗಲೇ ಬೆಣ್ಣೆ ಬೀಳುತ್ತದೆ. ತಟ್ಟೆ ಮುಂದೆ ಬಂದ ಮೇಲೆ ಸಪ್ಲೈಯರ್ ಏನು ಮಾಡಿಯಾರು? ಸಾಂಬಾರ್ ಇಲ್ಲ ಅಂತ ಮುನಿಸೂ ಬೇಡ, ಇಲ್ಲಿನ ಜೋಡಿ ಕಾಯಿ ಚಟ್ನಿ, ಆಲೂಗಡ್ಡೆ ಪಲ್ಯ. ಚಟ್ನಿ ಮತ್ತೆ ಕೇಳಲು ಸಂಕೋಚ ಬೇಕಿಲ್ಲ. ಚಿಟಿಕೆ ಹೊಡೆಯುವುದು, ‘ಏಯ್’ ಅನ್ನುವುದು ಮಾತ್ರ ಬೇಡ.

ದೊಡ್ಡ ರೆಸ್ಟೋರೆಂಟಾದರೆ ಬಿಲ್ ನೋಡಿ. ಸೇವಾ ಶುಲ್ಕವನ್ನು ತಾವಾಗಿಯೇ ಸೇರಿಸುವಂತಿಲ್ಲ ಎಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲೇ ಹೇಳಿದೆ. ಅದನ್ನು ತೆಗೆಸಲು ಕ್ಯಾಶಿಯರ್ ಹತ್ತಿರ ಮಾತಾಡಿ, ಬಡಿಸಿದವರ ಮೇಲೆ ರೇಗಬೇಡಿ. ಟಿಪ್ಸ್ ಕೊಡುವುದಿದ್ದರೆ ನೇರ ಅವರ ಕೈಗೇ ಕೊಡಿ.