ಗಂಟಾಗದ ಕಾಚೊ ಎ ಪೆಪೆ: ಎಂಟು ಟೇಬಲ್ ಕಿಚನ್ನಿನ ನನ್ನ ಅನುಭವ

ಕಾಚೊ ಎ ಪೆಪೆ, ಅಂದ್ರೆ ಪೆಕೊರಿನೊ ಅನ್ನೋ ಕುರಿಹಾಲಿನ ಚೀಸ್, ಕಾಳುಮೆಣಸು ಹಾಕಿದ ರೋಮಿನ ಪಾಸ್ತಾ, ಮೆನುನಲ್ಲಿ ಇಡಬೇಡ, ರಶ್ ಟೈಮಲ್ಲಿ ಸಾಸ್ ಒಡೆದು ಗಂಟಾಗುತ್ತೆ ಅಂತ ನಮ್ ಕಿಚನ್ನಲ್ಲಿ ಎಲ್ಲರೂ ಹೇಳಿದ್ರು, ಪಾರ್ಟ್ನರ್ ಅಂತೂ ಮುಖಾನೇ ತಿರುಗಿಸಿಬಿಟ್ಟ. ಈಗ ಎಂಟೂ ಟೇಬಲ್ ತುಂಬಿರೋವಾಗ ಒಂದೇ ಸಲ ಆರು ಪ್ಲೇಟ್ ಕಳಿಸ್ತೀನಿ, ಒಂದ್ರಲ್ಲೂ ಗಂಟಿಲ್ಲ.

ಇಷ್ಟು ಚಿಕ್ಕ ಜಾಗದ ಕಷ್ಟ ಬೇರೇನೇ. ಇಲ್ಲಿಗೆ ಬರೋರು ಬೇಗ ತಿಂದು ಏಳೋರಲ್ಲ, ಎರಡು ತುತ್ತು ತಿಂದು ಫೋರ್ಕ್ ಇಟ್ಟು ಮಾತಿಗೆ ಕೂರ್ತಾರೆ, ಅವರು ಹಾಗೇ ಕೂರಬೇಕು ಅನ್ನೋದೇ ನನ್ನಾಸೆ, ಆದ್ರೆ ಅಷ್ಟರಲ್ಲಿ ಪೆಕೊರಿನೊ ರಬ್ಬರ್ ಥರ ಎಳೆಯೋಕೆ ಶುರು ಆಗುತ್ತೆ. ಆ ಡಿಶ್ ಖರ್ಚಲ್ಲಿ ಹೆಚ್ಚುಕಮ್ಮಿ ಮುಕ್ಕಾಲು ಪಾಲು ಚೀಸಿಂದೇ, ಒಂದು ಪ್ಲೇಟ್ ವಾಪಸ್ ಬಂದ್ರೆ ಮುಂದಿನ ಎರಡು ಮೂರು ಪ್ಲೇಟಿನ ಲಾಭ ಹೋಯ್ತು ಅಂತಾನೇ ಲೆಕ್ಕ. ಮೊದಲ ಎರಡು ತಿಂಗಳು ಫುಡ್ ಕಾಸ್ಟ್, ಅಂದ್ರೆ ಮಾರೋ ಬೆಲೆಯಲ್ಲಿ ಸಾಮಾನಿನ ಖರ್ಚಿನ ಪಾಲು, 45 ಪರ್ಸೆಂಟ್ ಹತ್ರ ಓಡ್ತಿತ್ತು.

ಸಾಸ್ ಕೂಡಿಸೋಕೆ ಪಾಸ್ತಾ ಬೇಯಿಸಿದ ನೀರನ್ನೇ ನಂಬಿದ್ರೆ ಕೆಲಸ ಆಗಲ್ಲ. ಸಂಜೆ ಮೊದಲ ಬ್ಯಾಚಲ್ಲಿ ಆ ನೀರು ತೆಳ್ಳಗೆ, ರಾತ್ರಿ ಹತ್ತಕ್ಕೆ ಗಂಜಿ, ಹಾಗಾಗಿ ಪ್ರತಿ ಪ್ಲೇಟೂ ಬೇರೆ ಬೇರೆ. ಕ್ರೀಮ್ ಹಾಕಿ ನೋಡಿದೆ, ಗಂಟಾಗ್ಲಿಲ್ಲ ನಿಜ, ಆದ್ರೆ ಪೆಕೊರಿನೊದ ಆ ಉಪ್ಪು ಖಾರಾನೇ ಮಲಗಿಹೋಯ್ತು, ಅವತ್ತೇ ಬಿಟ್ಟೆ. ಅರ್ಧ ಪಾರ್ಮೆಸಾನ್ ಬೆರೆಸಿದ್ರೆ ಸುಲಭ ಆಗುತ್ತೆ, ಆದ್ರೆ ಅದು ರೋಮಿನ ರುಚಿ ಅಲ್ಲ.

ಕೊನೆಗೆ ಹಿಡಿದಿದ್ದು ಸ್ಟಾರ್ಚ್ ಜೆಲ್, ಅಂದ್ರೆ ಪಿಷ್ಟವನ್ನ ನೀರಲ್ಲಿ ಕಾಯಿಸಿ ಮಾಡೋ ಗಟ್ಟಿ ಗಂಜಿ. ಇಟಲಿಯ ಭೌತವಿಜ್ಞಾನಿಗಳು ಇದನ್ನೇ ಅಳೆದು ನೋಡಿ 2025ರಲ್ಲಿ ಇಗ್ ನೊಬೆಲ್ (ನಗಿಸಿ ಯೋಚನೆಗೆ ಹಚ್ಚೋ ಸಂಶೋಧನೆಗೆ ಕೊಡೋ ಬಹುಮಾನ) ತಗೊಂಡ್ರಲ್ಲ, ಚೀಸಿನ ತೂಕದ 2ರಿಂದ 3 ಪರ್ಸೆಂಟ್ ಸ್ಟಾರ್ಚ್ ಬೇಕು ಅನ್ನೋದು ಅವರ ಲೆಕ್ಕ. ನಾನು ಒಂದು ಕೇಜಿ ಪೆಕೊರಿನೊಗೆ 25 ಗ್ರಾಂ ಆಲೂಗಡ್ಡೆ ಸ್ಟಾರ್ಚ್, ಕಾಲು ಲೀಟರ್ ನೀರು ಇಟ್ಕೊಂಡಿದೀನಿ. ಸ್ಟಾರ್ಚನ್ನ ನೀರಲ್ಲಿ ಬಿಸಿ ಮಾಡಿ ಜೆಲ್ ಆದ್ಮೇಲೆ ಪೂರ್ತಿ ತಣ್ಣಗಾಗ್ಲಿ, ಆಮೇಲೆ ಚೀಸ್ ಹಾಕಿ ಬ್ಲೆಂಡರ್. ಆ ಪೇಸ್ಟನ್ನ ಪೋರ್ಷನ್ ಮಾಡಿ ಫ್ರಿಜ್ಜಲ್ಲಿ ಇಟ್ರೆ ಆರ್ಡರ್ ಬಂದಾಗ ಕೈ ನಡುಗಲ್ಲ. ಪಾಸ್ತಾ ಒಲೆಯಿಂದ ಇಳಿಸಿ ಒಂದು ನಿಮಿಷ ಬಿಟ್ಟು ಪೇಸ್ಟ್ ಸೇರಿಸಿ, ಉರಿ ಮೇಲೆ ಮಾತ್ರ ಬೇಡ, 65 ಡಿಗ್ರಿ ದಾಟಿದ್ರೆ ಚೀಸಿನ ಪ್ರೋಟೀನ್ ಗಂಟು ಕಟ್ಟೋಕೆ ಶುರು. ಪ್ಲೇಟ್ ಬೆಚ್ಚಗಿರಲಿ.

ಕಾಳುಮೆಣಸು ಹೇಗೆ ಹುರೀತೀನಿ, ಪೇಸ್ಟಿಗೆ ಯಾವಾಗ ಬೀಳುತ್ತೆ ಅನ್ನೋದು ನಮ್ ಕಿಚನ್ನಲ್ಲೇ ಇರ್ಲಿ. ಅದನ್ನ ತಿಂದವರು ಇನ್ನೊಂದು ಪ್ಲೇಟ್ ಕೇಳ್ತಾರೆ.

ಫುಡ್ ಕಾಸ್ಟ್ ಈಗ 30ರ ಒಳಗೆ ಇದೆ, ಮೊನ್ನೆ ಪಾರ್ಟ್ನರೇ ಬೋರ್ಡಲ್ಲಿ ಆ ಡಿಶ್ಶಿನ ಹೆಸರನ್ನ ಎಲ್ಲಕ್ಕಿಂತ ಮೇಲೆ ಬರೆದ. ಸದ್ಯ ಇದೇ ಜೆಲ್ಲನ್ನ ಗ್ರಿಚಾ ಅನ್ನೋ ರೋಮಿನ ಇನ್ನೊಂದು ಪಾಸ್ತಾಗೆ ಹೊಂದಿಸ್ತಿದೀನಿ, ಅದಕ್ಕೆ ಹಾಕೋ ಗುವಾಂಚಾಲೆ (ಉಪ್ಪು ಹಚ್ಚಿ ಒಣಗಿಸಿದ ಹಂದಿ ಕೆನ್ನೆ ಮಾಂಸ) ಕೊಬ್ಬು ಬಂದಾಗ ನೀರಿನ ಅಳತೆ ಬದಲಾಗುತ್ತೆ, ಇನ್ನೂ ಸರಿಯಾಗಿ ಕೂತಿಲ್ಲ.