ಯುಎಂಎಸ್ ಎಂಜಿನ್ ರೂಮಿನ ಅಲಾರಂ ಪರೀಕ್ಷೆ: ಸೆನ್ಸರ್ ತುದಿಯಿಂದ ಶುರುಮಾಡಿ

ಹಡಗಿನಲ್ಲಿ ರಾತ್ರಿ ಯಾರೂ ಇಳಿಯದ ಯುಎಂಎಸ್ (ಅನ್‌ಅಟೆಂಡೆಡ್ ಮೆಷಿನರಿ ಸ್ಪೇಸ್, ಅಂದರೆ ಕಾವಲಿಗೆ ಜನರಿಲ್ಲದೆ ನಡೆಯುವ) ಎಂಜಿನ್ ರೂಮಿಗೆ ಕಣ್ಣು, ಕಿವಿ, ಮೂಗು ಎಲ್ಲವೂ ಅಲಾರಂ ವ್ಯವಸ್ಥೆಯೇ. ಪ್ಯಾನೆಲಿನ ಟೆಸ್ಟ್ ಬಟನ್ ಒತ್ತಿ ‘ಸರಿಯಿದೆ’ ಎಂದು ಬರೆದರೆ ಪರೀಕ್ಷೆಯಾಗಿದ್ದು ದೀಪ ಮತ್ತು ಬಜರ್ ಅಷ್ಟೇ. ಕೆಡುವುದು ಹೆಚ್ಚಾಗಿ ಕೆಳಗೆ, ಎಣ್ಣೆ, ಬಿಸಿ, ಕಂಪನದ ನಡುವಿನ ಸೆನ್ಸರ್, ಕೇಬಲ್, ಜಂಕ್ಷನ್ ಬಾಕ್ಸ್‌ಗಳಲ್ಲಿ.

ಮೊದಲು ಚೀಫ್ ಎಂಜಿನಿಯರ್‌ಗೂ ಬ್ರಿಡ್ಜ್‌ಗೂ (ಹಡಗು ನಡೆಸುವ ಕೋಣೆ) ತಿಳಿಸಿ. ಪರೀಕ್ಷಿಸುವ ಸೆನ್ಸರ್ ಎಂಜಿನ್ ವೇಗವನ್ನು ತಾನಾಗಿ ತಗ್ಗಿಸುವ ಸ್ಲೋಡೌನ್ ಅಥವಾ ನಿಲ್ಲಿಸುವ ಶಟ್‌ಡೌನಿಗೂ ಜೋಡಣೆಯಾಗಿದೆಯೇ ಎಂದು ಡ್ರಾಯಿಂಗ್ ನೋಡಿ. ಅಂಥದ್ದನ್ನು ಬಂದರಿನಲ್ಲಿ, ಎಂಜಿನ್ ನಿಂತಿರುವಾಗ ಪರೀಕ್ಷಿಸಿ.

ಒತ್ತಡದ ಸೆನ್ಸರ್‌ಗೆ ಬರುವ ಕಾಕ್ (ಚಿಕ್ಕ ಕವಾಟ) ಮುಚ್ಚಿ, ಟೆಸ್ಟ್ ಪಾಯಿಂಟಿಗೆ ಕೈಪಂಪ್ ಜೋಡಿಸಿ, ಒತ್ತಡ ಏರಿಸಿ, ನಿಧಾನವಾಗಿ ಇಳಿಸುತ್ತ ಅಲಾರಂ ಬಂದ ಅಂಕಿಯನ್ನು ಬರೆದುಕೊಳ್ಳಿ. 0–10 ಬಾರ್, 4–20 ಮಿಲಿಆಂಪ್‌ನ ಟ್ರಾನ್ಸ್‌ಮಿಟರ್ (ಒತ್ತಡವನ್ನು ವಿದ್ಯುತ್ ಸಂಕೇತವಾಗಿಸುವ ಸೆನ್ಸರ್) 4 ಬಾರ್‌ನಲ್ಲಿ 10.4 ಮಿಲಿಆಂಪ್ ಕೊಡಬೇಕು. ಮುಗಿದ ಮೇಲೆ ಕಾಕ್ ತೆರೆಯಲು ಮರೆಯುವುದೇ ಈ ಕೆಲಸದ ಅತಿ ಕೆಟ್ಟ ತಪ್ಪು. ಒಳಗೆ ಒತ್ತಡ ಸಿಕ್ಕಿಕೊಂಡಿದ್ದರೆ ಅದು ಹಾಗೇ ಉಳಿಯುತ್ತದೆ. ಆಗ ಲೂಬ್ ಆಯಿಲ್ (ಕೀಲೆಣ್ಣೆ) ಪಂಪ್ ನಿಂತರೂ ಪರದೆಯಲ್ಲಿ ಎಲ್ಲ ಚೆನ್ನಾಗಿಯೇ ಕಾಣುತ್ತದೆ. ಕಾಕ್ ತೆರೆದದ್ದನ್ನು ಇನ್ನೊಬ್ಬರು ನೋಡಿ ಸಹಿ ಹಾಕಲಿ.

ತಾಪಮಾನ ಅಳೆಯುವ ಪಿಟಿ100 ಸೆನ್ಸರನ್ನು ಪಾಕೆಟ್ಟಿನಿಂದ ತೆಗೆದು ಕ್ಯಾಲಿಬ್ರೇಟರ್‌ನಲ್ಲಿ ಬಿಸಿ ಮಾಡಿ: 0 ಡಿಗ್ರಿಗೆ 100 ಓಮ್, 100 ಡಿಗ್ರಿಗೆ 138.5 ಓಮ್. ತಂತಿ ಬಿಚ್ಚಿದರೆ ‘ಸೆನ್ಸರ್ ಫೇಲ್’ ಬರಲೇಬೇಕು. ಸ್ವಿಚ್‌ಗಳಲ್ಲೂ ಹೀಗೇ: ಸಾಮಾನ್ಯ ಸ್ಥಿತಿಯಲ್ಲಿ ಮುಚ್ಚಿರುವ ಕಾಂಟ್ಯಾಕ್ಟ್ ಇದ್ದರೆ ತಂತಿ ತುಂಡಾದೊಡನೆ ಅಲಾರಂ ಬರುತ್ತದೆ. ತೆರೆದಿರುವ ಕಾಂಟ್ಯಾಕ್ಟ್ ಆದರೆ, ಲೈನ್ ಕೊನೆಯಲ್ಲಿ ರೆಸಿಸ್ಟರ್ ಇಲ್ಲದಿದ್ದರೆ, ತುಂಡಾದದ್ದು ಗೊತ್ತೇ ಆಗುವುದಿಲ್ಲ.

ಬಿಲ್ಜ್ (ಹಡಗಿನ ತಳದಲ್ಲಿ ನೀರು ಸೇರುವ ಜಾಗ) ಫ್ಲೋಟನ್ನು ಕೈಯಿಂದ ಎತ್ತಿ ನೋಡುವುದು ಸಾಲದು, ಬಿಲ್ಜ್ ಬಾವಿಗೆ ನೀರು ಸುರಿಯಿರಿ. ಚಿಂದಿ, ಕೆಸರು ಸಿಕ್ಕಿ ಫ್ಲೋಟ್ ಅಂಟಿಕೊಂಡಿದ್ದರೆ ಆಗಲೇ ತಿಳಿಯುತ್ತದೆ.

ಹಡಗು ಹೊಯ್ದಾಡಿದಾಗ ಟ್ಯಾಂಕ್ ಮಟ್ಟದ ಅಲಾರಂ ಪದೇಪದೇ ಬರುತ್ತದೆಂದು ಅದಕ್ಕೆ ಕೆಲವು ಸೆಕೆಂಡುಗಳ ವಿಳಂಬ ಕೊಡುವುದುಂಟು. ತಯಾರಕರು ಹೇಳಿದ್ದಕ್ಕಿಂತ ಅದನ್ನು ಹಿಗ್ಗಿಸಬೇಡಿ, ಸೆಟ್‌ಪಾಯಿಂಟ್ (ಅಲಾರಂ ಬರುವ ಮಟ್ಟ) ಇಳಿಸಬೇಡಿ. ಹೊಯ್ದಾಟದಲ್ಲಿ ಬಂದ ಅಲಾರಂ ಸುಳ್ಳೆಂದು ತಿಳಿಯುವುದು ತಪ್ಪು. 2019ರ ಮಾರ್ಚ್ 23ರಂದು ನಾರ್ವೆಯ ಹುಸ್ತಾದ್‌ವಿಕಾ ಕರಾವಳಿಯಲ್ಲಿ ‘ವೈಕಿಂಗ್ ಸ್ಕೈ’ ಹಡಗಿನ ಲೂಬ್ ಆಯಿಲ್ ಟ್ಯಾಂಕ್‌ಗಳಲ್ಲಿ ಮಟ್ಟ ಕಡಿಮೆಯಿತ್ತು. ಬಿರುಗಾಳಿಯ ಹೊಯ್ದಾಟಕ್ಕೆ ಪಂಪ್‌ಗಳಿಗೆ ಎಣ್ಣೆ ಸಿಗದೆ ಎಂಜಿನ್‌ಗಳು ತಾವಾಗಿ ನಿಂತವು. ಹಡಗಿನಲ್ಲಿದ್ದವರು 1373 ಮಂದಿ. ಮಟ್ಟದ ಅಲಾರಂ ಕಾಟ ಕೊಟ್ಟರೆ ಮೊದಲು ಟ್ಯಾಂಕಿಗೆ ಎಣ್ಣೆ ತುಂಬಿ.

ಇನ್ನು ಕರೆಯ ಸರಪಳಿ. ಒಂದು ಅಲಾರಂ ಎಬ್ಬಿಸಿ, ಒಪ್ಪಿಕೊಳ್ಳದೆ (ಅಕ್‌ನಾಲೆಜ್ ಒತ್ತದೆ) ಬಿಟ್ಟು, ಸ್ಟಾಪ್‌ವಾಚ್ ಹಿಡಿಯಿರಿ. ಡ್ಯೂಟಿ ಎಂಜಿನಿಯರ್ ಕ್ಯಾಬಿನ್, ಮೆಸ್, ಬ್ರಿಡ್ಜ್ ಮೂರೂ ಕಡೆ ಕೇಳಿಸಬೇಕು, ನಿಗದಿತ ಸಮಯ ಮೀರಿದರೆ ಎಲ್ಲ ಎಂಜಿನಿಯರ್‌ಗಳ ಕರೆ ಮೊಳಗಬೇಕು. ಒಂದನ್ನು ಒಪ್ಪಿಕೊಂಡಾಗ ಇನ್ನೊಂದು ಅಲಾರಂ ಅಡಗಬಾರದು. ಮುಖ್ಯ ವಿದ್ಯುತ್ ತೆಗೆದು, ವ್ಯವಸ್ಥೆ ತಾನಾಗಿ ಮೀಸಲು ಸರಬರಾಜಿಗೆ ಹೊರಳಿ ಅದಕ್ಕೂ ಅಲಾರಂ ಕೊಡುತ್ತದೆಯೇ ನೋಡಿ. ಇವೆಲ್ಲ ಸೋಲಾಸ್ (ಸಮುದ್ರದಲ್ಲಿ ಜೀವರಕ್ಷಣೆಯ ಅಂತರರಾಷ್ಟ್ರೀಯ ಒಪ್ಪಂದ) ನಿಯಮಗಳು ಕೇಳುವಂಥವೇ.

ಕೊನೆಗೆ ಇನ್‌ಹಿಬಿಟ್ ಪಟ್ಟಿ ತೆರೆಯಿರಿ. ತಡೆಹಿಡಿದ ಪ್ರತಿ ಚಾನೆಲ್‌ಗೂ ಕಾರಣ, ದಿನಾಂಕ, ಸಹಿ ಇರಬೇಕು. ಕಾರಣ ಯಾರಿಗೂ ನೆನಪಿಲ್ಲದ ಚಾನೆಲ್ ಇದ್ದರೆ, ಅದು ತೀರ್ಮಾನವಾಗುವವರೆಗೆ ಎಂಜಿನ್ ರೂಮನ್ನು ಯುಎಂಎಸ್‌ಗೆ ಹಾಕಬೇಡಿ.